‘ಕೇಳಿದರೆ ಕೊಡ್ತೇವೆ’ ಅಂತ ಅಚ್ಚು ಹಾಕಿಸಿದವರಿಗೆ

ಕಾರವಾರದಲ್ಲಿ ಎಂಡಿ ಓದುತ್ತಿರುವ ಹುಡುಗಿಯೊಬ್ಬಳು ತನಗೆ ಬಂದ ಮೇಲ್ ತೋರಿಸಿದಳು. ಒಂದು ಔಷಧ ಪ್ರಯೋಗದ ರೋಗಿವಾರು ಡೇಟಾ (ಒಬ್ಬೊಬ್ಬ ರೋಗಿಯ ವಿವರಕ್ಕೆ ಒಂದೊಂದು ಸಾಲು) ಬೇಕು ಅಂತ ಲೇಖಕರಿಗೆ ಬರೆದಿದ್ದಳು. ಉತ್ತರ ಒಂದೇ ಸಾಲು: ‘ನಿಮಗೆ ಯಾಕೆ ಬೇಕು?’ ಪ್ರಬಂಧದ ಕೊನೆಯಲ್ಲಿ ‘ಸೂಕ್ತ ಕೋರಿಕೆಯ ಮೇರೆಗೆ ಡೇಟಾ ಲಭ್ಯ’ ಅಂತ ಅಚ್ಚಾಗಿದೆ. ಕೊಡುವ ಮನಸ್ಸಿಲ್ಲದಿದ್ದರೆ ಕೊಡೋದಿಲ್ಲ ಅಂತಲೇ ಬರೀರಿ ಮಾರಾಯ್ರೆ, ಕೇಳುವವರ ಸಮಯವಾದರೂ ಉಳಿಯುತ್ತದೆ.

ಇದು ಒಬ್ಬಿಬ್ಬರ ಚಾಳಿಯಲ್ಲ. ಹೀಗೆ ಬರೆದುಕೊಂಡ 1792 ಪ್ರಬಂಧಗಳ ಲೇಖಕರನ್ನು ಕೇಳಿ ನೋಡಿದ ಅಧ್ಯಯನವೊಂದು 2022ರಲ್ಲಿ ಬಂತು. ಕೊಟ್ಟವರು 122. ನೂರಕ್ಕೆ ಏಳೂ ಇಲ್ಲ!

ಸರಾಸರಿ, ಪಿ-ವ್ಯಾಲ್ಯೂ (ಸಂಖ್ಯಾಶಾಸ್ತ್ರದ ಒಂದು ಅಳತೆ) ಅಚ್ಚಾಗಿದೆಯಲ್ಲ, ಇನ್ನೇನು ಬೇಕು ಅನ್ನುವವರಿಗೆ: ಶಿರಸಿ ಮಾರ್ಕೆಟ್ಟಲ್ಲಿ ಚಾಲಿ ಅಡಿಕೆ ಚೀಲಕ್ಕೆ ಕೈ ಹಾಕದೆ ಯಾರಾದರೂ ಟೆಂಡರ್ ಬರೀತಾರಾ? ‘ಅನಸ್ತೇಶಿಯಾ’ ಜರ್ನಲ್ಲಿನ ಸಂಪಾದಕ ಜಾನ್ ಕಾರ್ಲೈಲ್ ತಮ್ಮಲ್ಲಿಗೆ ಬಂದ ಪ್ರಯೋಗಗಳನ್ನು ಜಾಲಾಡಿ 2021ರಲ್ಲಿ ಬರೆದರು. ರೋಗಿವಾರು ಶೀಟ್ ಸಿಕ್ಕಿದ್ದ 153 ಪ್ರಯೋಗಗಳ ಪೈಕಿ 67ರಲ್ಲಿ ಸುಳ್ಳು ಡೇಟಾ ಕಂಡಿತು. ಶೀಟ್ ಸಿಗದ 373ರಲ್ಲಿ ಕಂಡದ್ದು ಬರೀ 6. ಆ 373 ಪ್ರಯೋಗ ಮಾಡಿದವರು ಅಷ್ಟು ಪ್ರಾಮಾಣಿಕರು ಅಂತ ಬೇಕಾದರೆ ನಂಬಿ.

ಇನ್ನು ಕೇಳುವವರಿಗೆ. ‘ನಿಮ್ಮ ಪೂರ್ತಿ ಡೇಟಾ ಕಳಿಸಿ’ ಅಂತ ಬರೆದರೆ ಕೊಡುವವರೂ ಹಿಂದೆ ಸರೀತಾರೆ. ಬದಲಿಗೆ ಇವನ್ನು ಬರೀರಿ. ಪ್ರಯೋಗದ ನೋಂದಣಿ ಸಂಖ್ಯೆ, ಉತ್ತರ ಬೇಕಾದ ಒಂದೇ ಪ್ರಶ್ನೆ, ಬೇಕಾದ ಕಾಲಂಗಳ ಪಟ್ಟಿ: ಯಾವ ಗುಂಪು, ವಯಸ್ಸು, ಲಿಂಗ, ಆರಂಭದ ಅಳತೆ, ಪ್ರತಿ ವಿಸಿಟ್‌ನ ಫಲಿತಾಂಶ, ಮಧ್ಯೆ ಬಿಟ್ಟುಹೋದ ದಿನ ಮತ್ತು ಕಾರಣ. ಜೊತೆಗೆ ನಿಮ್ಮ ವಿಶ್ಲೇಷಣೆಯ ಯೋಜನೆ, ಎಥಿಕ್ಸ್ ಕಮಿಟಿ (ಸಂಶೋಧನೆಯಲ್ಲಿ ರೋಗಿಗಳ ಹಿತ ನೋಡುವ ಸಮಿತಿ) ಪತ್ರ, ಡೇಟಾ ಎಲ್ಲಿಡುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ. ಒಂದು ಪುಟ ಸಾಕು. ಪ್ರಬಂಧದಲ್ಲಿರುವ ಇಮೇಲ್ ಒಂದನ್ನೇ ನಂಬಬೇಡಿ. ಲೇಖಕರು ಕೆಲಸ ಬದಲಿಸಿದ ದಿನವೇ ಆ ವಿಳಾಸ ಸತ್ತಿರುತ್ತದೆ. ಲೇಖಕರ ಪಟ್ಟಿಯ ಕೊನೆಯಲ್ಲಿರುವ ಹಿರಿಯರಿಗೂ ಅಂಕಿಅಂಶದ ಲೆಕ್ಕ ಹಾಕಿದ ಸ್ಟ್ಯಾಟಿಸ್ಟಿಶಿಯನ್‌ಗೂ ಸಿಸಿ ಹಾಕಿ. ಫೈಲ್ ಇರೋದು ಹೆಚ್ಚಾಗಿ ಸ್ಟ್ಯಾಟಿಸ್ಟಿಶಿಯನ್ ಹತ್ತಿರವೇ. ಕಂಪನಿಯ ಪ್ರಯೋಗವಾದರೆ ಲೇಖಕರನ್ನು ಬಿಟ್ಟು ಪ್ರಯೋಗಗಳ ಡೇಟಾ ಹಂಚುವ ವಿವ್ಲಿ, ಯೋಡಾದಂಥ ವೇದಿಕೆಗೆ ಅರ್ಜಿ ಹಾಕಿ. ಅಲ್ಲಿ ಡೇಟಾ ಬಳಕೆಯ ಒಪ್ಪಂದಕ್ಕೆ ಸಹಿಯಾಗೋಕೆ ತಿಂಗಳುಗಟ್ಟಲೆ ಹಿಡಿಯಬಹುದು. ನಿಮ್ಮ ಪರ ಸಹಿ ಹಾಕಬೇಕಾದ್ದು ಸಂಸ್ಥೆ, ನೀವಲ್ಲ. ಅದೆಷ್ಟು ಟೇಬಲ್ ಸುತ್ತಬೇಕು ಅಂತ ನಮ್ಮ ಕಡೆಯವರಿಗೆ ಹೇಳೋದೇ ಬೇಡ. ಸಿಕ್ಕ ಮೇಲೂ ಎಷ್ಟೋ ಸಲ ಡೌನ್‌ಲೋಡ್ ಇಲ್ಲ, ಅವರ ಸರ್ವರಿನೊಳಗೇ ಕೆಲಸ, ಹೊರಗೆ ಬರೋದು ಫಲಿತಾಂಶದ ಕೋಷ್ಟಕ ಮಾತ್ರ.

ಡೇಟಾ ಡಿಕ್ಷನರಿ (ಪ್ರತಿ ಕಾಲಂ, ಸಂಕೇತದ ಅರ್ಥ ಹೇಳುವ ಪಟ್ಟಿ) ಮತ್ತು ಖಾಲಿ ಕೇಸ್ ರೆಕಾರ್ಡ್ ಫಾರ್ಮ್ (ರೋಗಿಯ ವಿವರ ತುಂಬುವ ನಮೂನೆ) ಇಲ್ಲದ ಶೀಟನ್ನು ಮುಟ್ಟಬೇಡಿ. ಲಿಂಗದ ಕಾಲಂನಲ್ಲಿ 1 ಗಂಡೋ ಹೆಣ್ಣೋ? ಬಿಪಿ ನೋಡದ ದಿನಕ್ಕೆ 999 ಅಂತ ತುಂಬಿರುತ್ತಾರೆ. ಅದನ್ನು ಖಾಲಿ ಅಂತ ಗುರುತಿಸದೆ ಸರಾಸರಿ ತೆಗೆದರೆ ಮುಗೀತು. ರೋಗಿ ಸಂಖ್ಯೆ 3-5 ಅಂತಿದ್ದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಡುತ್ತದೆ. ಮೊದಲ ಕೆಲಸ, ಸಾಲುಗಳನ್ನು ಎಣಿಸಿ ಪ್ರಬಂಧದ ರೋಗಿಸಂಖ್ಯೆಗೆ ತಾಳೆ ನೋಡುವುದು. ಆಮೇಲೆ ಅವರ ಒಂದನೇ ಕೋಷ್ಟಕವನ್ನು (ಪ್ರಯೋಗದ ಆರಂಭದಲ್ಲಿ ರೋಗಿಗಳು ಹೇಗಿದ್ದರು ಅನ್ನೋದು) ನೀವೇ ಲೆಕ್ಕ ಹಾಕಿ. ಅದು ಹೊಂದುವವರೆಗೆ ನಿಮ್ಮ ಪ್ರಶ್ನೆಗೆ ಹೋಗಬೇಡಿ.

‘ರೋಗಿಯ ಗುಟ್ಟು ಹೊರಬೀಳುತ್ತದಲ್ಲ?’ ಬೀಳುತ್ತದೆ, ಹೆಸರೊಂದನ್ನೇ ಅಳಿಸಿದರೆ. ಸಿದ್ದಾಪುರದ ಸಣ್ಣ ಹಳ್ಳಿಯೊಂದರಲ್ಲಿ ಮಂಗನ ಕಾಯಿಲೆಯಾದ 67ರ ಹೆಂಗಸು ಯಾರು ಅಂತ ಪೇಟೆಗೆ ಹೋಗುವ ಬಸ್ಸಿಗೆಲ್ಲ ಗೊತ್ತು. ಅದಕ್ಕೇ ಊರು ತೆಗೀರಿ, ವಯಸ್ಸನ್ನು 65–69 ಮಾಡಿ, ತಾರೀಖಿನ ಬದಲು ಪ್ರಯೋಗಕ್ಕೆ ಸೇರಿದ ಎಷ್ಟನೇ ದಿನ ಅಂತ ಹಾಕಿ. ಒಂದು ಮಧ್ಯಾಹ್ನದ ಕೆಲಸ. 2023ರ ಡೇಟಾ ಸಂರಕ್ಷಣಾ ಕಾಯ್ದೆಯನ್ನು ಗುರಾಣಿ ಹಿಡಿಯುವವರು ಅದರ 17ನೇ ಸೆಕ್ಷನ್ ಓದಲಿ. ಸಂಶೋಧನೆ, ಅಂಕಿಅಂಶದ ಕೆಲಸಕ್ಕೆ ಷರತ್ತಿನ ಮೇಲೆ ವಿನಾಯಿತಿ ಅಲ್ಲೇ ಇದೆ. ಹಳೆಯ ಸಮ್ಮತಿ ಪತ್ರದಲ್ಲಿ ಹಂಚಿಕೆಯ ಮಾತೇ ಇಲ್ಲ ಅನ್ನೋದು ಮಾತ್ರ ನಿಜವಾದ ತೊಡಕು. ಅದನ್ನು ಎಥಿಕ್ಸ್ ಕಮಿಟಿ ಮುಂದಿಡಬೇಕು. ಮೇಲ್‌ಗೆ ಉತ್ತರಿಸದೆ ಕೂರಲು ಅದು ನೆವ ಅಲ್ಲ. ರೋಗಿ ತೋಳು ಚಾಚಿ ರಕ್ತ ಕೊಟ್ಟದ್ದು ಇವರ ಪ್ರಮೋಷನ್ನಿಗಂತೂ ಅಲ್ಲ.

ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ನೆನಪಿಸಿ, ಇನ್ನೊಮ್ಮೆ ನೆನಪಿಸಿ, ಆಮೇಲೆ ಜರ್ನಲ್ಲಿನ ಸಂಪಾದಕರಿಗೆ ಬರೀರಿ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮದಂತೆ 2018ರ ಜುಲೈ 1ರಿಂದ ಪ್ರಯೋಗದ ಪ್ರಬಂಧಕ್ಕೆ ಡೇಟಾ ಹಂಚಿಕೆಯ ಹೇಳಿಕೆ ಬೇಕೇ ಬೇಕು. 2019ರ ಜನವರಿ 1ರಂದು ಅಥವಾ ಆಮೇಲೆ ರೋಗಿಗಳನ್ನು ಸೇರಿಸಲು ಶುರುಮಾಡಿದ ಪ್ರಯೋಗವಾದರೆ ಹಂಚಿಕೆಯ ಯೋಜನೆ ನೋಂದಣಿಯಲ್ಲೂ ಇರಬೇಕು. ಭಾರತದ ಪ್ರಯೋಗಗಳ ನೋಂದಣಿ ತಾಣ ಸಿಟಿಆರ್‌ಐ ತೆಗೆದು ಆ ಪ್ರಯೋಗದ ಪುಟ ನೋಡಿ: ಡೇಟಾ ಹಂಚುತ್ತೀರಾ, ಏನನ್ನು, ಯಾರಿಗೆ, ಯಾವಾಗಿನಿಂದ. ‘ಹೌದು’ ಅಂತ ಅವರೇ ತುಂಬಿದ್ದರೆ ಆ ಪುಟದ ಪಿಡಿಎಫ್ ಅನ್ನು ಸಂಪಾದಕರಿಗೆ ಬರೆಯುವ ಪತ್ರಕ್ಕೆ ಲಗತ್ತಿಸಿ, ಸಿಸಿಯಲ್ಲಿ ಲೇಖಕರ ಹೆಸರಿರಲಿ.