ಹದಿನೈದು ಕಂತು, ಒಂದೇ ರಾತ್ರಿ

ನಾನಿರುವುದು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ. ಇಲ್ಲಿನ ನ್ಯೂಪೋರ್ಟ್ ಬೀಚ್ ಊರಿಗೆ ಸೇರಿದ ಬಾಲ್ಬೋವಾ ಎಂಬ ಪುಟ್ಟ ದ್ವೀಪದಲ್ಲಿ ಒಂದು ತಿಂಡಿ ಸಿಗುತ್ತದೆ. ಸಿಪ್ಪೆ ಸುಲಿದ ಇಡೀ ಬಾಳೆಹಣ್ಣನ್ನು ಕಡ್ಡಿಗೆ ಸಿಕ್ಕಿಸಿ, ಫ್ರೀಜರಿನಲ್ಲಿ ಕಲ್ಲಾಗಿಸಿ, ಕರಗಿದ ಚಾಕೊಲೇಟಿನಲ್ಲಿ ಅದ್ದಿ, ಕಡಲೆಬೀಜದ ಚೂರಿನಲ್ಲಿ ಹೊರಳಿಸಿ ಕೈಗೆ ಕೊಡುತ್ತಾರೆ. ಒಂದೇ ಬೀದಿಯ ಎರಡು ಅಂಗಡಿಗಳು ಇದರ ಮೂಲ ತಾವೇ ಎಂದು ಹೇಳಿಕೊಳ್ಳುತ್ತವೆ. ರಸಬಾಳೆ ತಿಂದು ಬೆಳೆದ ನಾಲಿಗೆಗೆ ಅದು ಅಂಥ ರುಚಿಯೇನಲ್ಲ. ಆದರೆ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಹಲವರು ಬಾಳೆಹಣ್ಣಿನ ಆಸೆಗೆ ಬಂದವರಲ್ಲ, ಒಂದು ಟಿವಿ ಹಾಸ್ಯ ಧಾರಾವಾಹಿಯ ಭಕ್ತರು.

ಆ ಧಾರಾವಾಹಿಯ ಹೆಸರು 'ಅರೆಸ್ಟೆಡ್ ಡೆವಲಪ್‌ಮೆಂಟ್'. ಮಿಚೆಲ್ ಹರ್ವಿಟ್ಜ್ ರೂಪಿಸಿದ ಇದು ಫಾಕ್ಸ್ ವಾಹಿನಿಯಲ್ಲಿ ಶುರುವಾದದ್ದು 2003ರ ನವೆಂಬರಿನಲ್ಲಿ. ಕತೆ ನಮ್ಮ ಆರೆಂಜ್ ಕೌಂಟಿಯದೇ. ಬಡಾವಣೆ ಕಟ್ಟಿ ಮಾರುವ ಬ್ಲೂತ್ ಎಂಬ ಶ್ರೀಮಂತ ಮನೆತನ, ಕಂಪನಿಯ ಲೆಕ್ಕದಲ್ಲಿ ಗೋಲ್‌ಮಾಲ್ ಮಾಡಿ ಜೈಲು ಸೇರುವ ಅಪ್ಪ, ಬಾಯಿ ತೆರೆದರೆ ಚುಚ್ಚುವ ಅಮ್ಮ ಲೂಸಿಲ್, ಒಂದು ಕೆಲಸವೂ ಬಾರದ ಮಕ್ಕಳು, ಅವರ ನಡುವೆ ಮನೆ ಉಳಿಸಲು ಹೆಣಗುವ ಒಬ್ಬ ಮಗ ಮೈಕಲ್. ಮನೆಯೆಂದರೂ ಅದು ಖಾಲಿ ಬಡಾವಣೆಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಕಟ್ಟಿದ ಮಾದರಿ ಮನೆ; ಸುತ್ತ ಬರೀ ಮಣ್ಣು. ಬಾಳೆಹಣ್ಣಿನ ಒಂದು ಗೂಡಂಗಡಿಯೂ ಇವರದೇ. ಅಂಗಡಿಯಲ್ಲಿ ಯಾವಾಗಲೂ ದುಡ್ಡಿರುತ್ತದೆ ಎಂದು ಅಪ್ಪ ಜೈಲಿನಿಂದ ಮತ್ತೆ ಮತ್ತೆ ಹೇಳುತ್ತಾನೆ. ಅದೊಂದು ಗಾದೆ ಮಾತೆಂದುಕೊಂಡ ಮಗ ಸಿಟ್ಟಿನಲ್ಲಿ ಅಂಗಡಿಗೇ ಬೆಂಕಿ ಹಚ್ಚುತ್ತಾನೆ. ಗೋಡೆಯೊಳಗೆ ಎರಡೂವರೆ ಲಕ್ಷ ಡಾಲರ್ ನೋಟುಗಳಿದ್ದವೆಂದು ಆಮೇಲೆ ಗೊತ್ತಾಗುತ್ತದೆ.

2004ರಲ್ಲಿ ಅತ್ಯುತ್ತಮ ಹಾಸ್ಯ ಸರಣಿಯೆಂದು ಎಮ್ಮಿ ಪ್ರಶಸ್ತಿ ಬಂತು, ನೋಡುಗರು ಮಾತ್ರ ಬರಲಿಲ್ಲ. ಮೂರು ಸೀಸನ್, 53 ಕಂತು, ಅಲ್ಲಿಗೆ ಅಂಗಡಿ ಬಂದ್. ಕೊನೆಯ ನಾಲ್ಕು ಕಂತುಗಳನ್ನು 2006ರ ಫೆಬ್ರವರಿ 10ರಂದು ಒಟ್ಟಿಗೇ ಸುರಿದು ಕೈತೊಳೆದುಕೊಂಡರು. ಅದೇ ಸಂಜೆ ಇನ್ನೊಂದು ವಾಹಿನಿಯಲ್ಲಿ ಟೊರಿನೊ ಚಳಿಗಾಲದ ಒಲಿಂಪಿಕ್ಸಿನ ಉದ್ಘಾಟನೆ ಇತ್ತು.

ಅಭಿಮಾನಿಗಳು ನಿಜವಾಗಿ ಹುಟ್ಟಿದ್ದು ಇದಾದ ಮೇಲೆ. ಡಿವಿಡಿ ಕೊಂಡರು, ನಿಲ್ಲಿಸಿ ನಿಲ್ಲಿಸಿ ನೋಡಿದರು. ಬಸ್ಟರ್ ಎಂಬ ಕಿರಿಯ ಮಗ ಎರಡನೇ ಸೀಸನ್ನಿನಲ್ಲಿ ಸೀಲ್ ಪ್ರಾಣಿಯ ಬಾಯಿಗೆ ಕೈ ಕಳೆದುಕೊಳ್ಳುತ್ತಾನೆ. ಅದಕ್ಕೂ ಮೊದಲೇ, ಅಂಗೈ ಆಕಾರದ ಹಳೆಯ ಕುರ್ಚಿಯೊಂದು ಅವನಿಗೆ ಮರಳಿ ಸಿಕ್ಕಾಗ, ಒಂದು ಕೈಗಾಗಿ ಇಷ್ಟು ಹಂಬಲಿಸುತ್ತೇನೆಂದು ಎಣಿಸಿರಲಿಲ್ಲ ಎನ್ನುತ್ತಾನೆ. ಮೊದಲ ಸಲ ನೋಡುವವರಿಗೆ ಅದು ಸಾಧಾರಣ ಮಾತು. ಎರಡನೇ ಸಲ ನೋಡುವವರು ಕುರ್ಚಿಯಿಂದ ಬೀಳುತ್ತಾರೆ. ಇಂಥವನ್ನು ಹೆಕ್ಕಿ ಪಟ್ಟಿ ಮಾಡುವುದರಲ್ಲೇ ಅಮೆರಿಕದ ಅಭಿಮಾನಿಗಳಿಗೆ ಏಳು ವರ್ಷ ಕಳೆದುಹೋಯಿತು. ನಮ್ಮಲ್ಲಿ ಕುಮಾರವ್ಯಾಸನಿಗೆ ವ್ಯಾಖ್ಯಾನ ಹೇಳುವವರ ಶ್ರದ್ಧೆಯನ್ನು ಇವರು ಅರ್ಧ ಗಂಟೆಯ ಹಾಸ್ಯಕ್ಕೆ ಧಾರೆ ಎರೆದರು ಎಂದರೆ ಉತ್ಪ್ರೇಕ್ಷೆಯಲ್ಲ.

2011ರಲ್ಲಿ ನೆಟ್‌ಫ್ಲಿಕ್ಸ್ ಇದನ್ನು ಮತ್ತೆ ಎಬ್ಬಿಸುವುದಾಗಿ ಸಾರಿತು. 2013ರ ಮೇ ತಿಂಗಳಲ್ಲಿ ಬಾಳೆಹಣ್ಣಿನ ಗೂಡಂಗಡಿಯೊಂದನ್ನು ಲಂಡನ್, ನ್ಯೂಯಾರ್ಕ್‌ಗಳಲ್ಲೆಲ್ಲ ಮೆರವಣಿಗೆ ಮಾಡಿಸಿದರು. ಮೇ 26ರ ಭಾನುವಾರ ನಾಲ್ಕನೇ ಸೀಸನ್ನಿನ ಹದಿನೈದೂ ಕಂತುಗಳು ಒಂದೇ ಏಟಿಗೆ ಬಂದವು. ಒಂದೇ ಸಮನೆ ನೋಡಬೇಡಿ, ನಡುವೆ ಬಿಡುವು ಕೊಡಿ ಎಂದು ಹರ್ವಿಟ್ಜ್ ಅವರೇ ಕೇಳಿಕೊಂಡಿದ್ದರು. ಯಾರು ಕೇಳುತ್ತಾರೆ?

ಆ ರಾತ್ರಿ ನಾನು ಸಹೋದ್ಯೋಗಿಯೊಬ್ಬರ ಮನೆಯಲ್ಲಿದ್ದೆ. ಧಾರಾವಾಹಿಯ ಅಳಿಯ ಟೋಬಾಯಸ್ಸನಂತೆ ಒಬ್ಬ ಮೈಗೆಲ್ಲ ನೀಲಿ ಬಣ್ಣ ಬಳಿದುಕೊಂಡು ಬಂದಿದ್ದ. ಆತ ಕೂರಲೆಂದು ಮನೆಯೊಡತಿ ಸೋಫಾದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿದ್ದರು. ಮೊದಲ ಕಂತಿಗೆ ಕೇಕೆ, ಶಿಳ್ಳೆ. ಎರಡನೆಯದಕ್ಕೆ ಹೊತ್ತಿಲ್ಲದ ಹೊತ್ತಿನಲ್ಲಿ ನಗು. ಮೂರನೆಯದರಲ್ಲಿ ಮಗಳು ಲಿಂಡ್ಸೆ ಮನಶ್ಶಾಂತಿ ಅರಸಿ ಭಾರತಕ್ಕೆ ಹೋಗುತ್ತಾಳೆ. ಆಗ ಕೋಣೆಯಲ್ಲಿದ್ದವರೆಲ್ಲ ಟಿವಿ ಬಿಟ್ಟು ನನ್ನ ಮುಖ ನೋಡಿದರು, ನಗಬಹುದೇ ಬಾರದೇ ಎಂದು. ನಾನು ನಕ್ಕೆ, ಅವರಿಗೆ ನಿರಾಳವಾಯಿತು. ಆ ಕಂತಿನಲ್ಲಿ ನಿಜವಾಗಿ ನಗು ಬಂದದ್ದು ನನಗೊಬ್ಬನಿಗೇ ಇರಬೇಕು. ಆಮೇಲೆ ನಗು ಹೋಗಿ ಲೆಕ್ಕಾಚಾರ ಹತ್ತಿಕೊಂಡಿತು. ಈ ಘಟನೆ ಆ ಘಟನೆಗಿಂತ ಮೊದಲೋ ಆಮೇಲೋ, ಆ ಬಾಗಿಲ ಹಿಂದೆ ಇದ್ದವರು ಯಾರು ಎಂದು ಪರೀಕ್ಷೆಗೆ ಕೂತವರಂತೆ ಚರ್ಚೆ. ಬೆಳಗಿನ ಜಾವದ ಹೊತ್ತಿಗೆ ನೀಲಿ ಮನುಷ್ಯ ಬೆಡ್‌ಶೀಟಿನ ಮೇಲೆ ಗೊರಕೆ ಹೊಡೆಯುತ್ತಿದ್ದ.

ಸೋಮವಾರ ರಜೆ ಕಳೆದು ಮಂಗಳವಾರ ಷೇರುಪೇಟೆ ತೆರೆದಾಗ ನೆಟ್‌ಫ್ಲಿಕ್ಸ್ ಷೇರಿನ ಬೆಲೆ ಸುಮಾರು ಶೇಕಡಾ 6ರಷ್ಟು ಇಳಿಯಿತು. ವಿಮರ್ಶೆಗಳು ನೀರಸವಾದದ್ದೇ ಕಾರಣವೆಂದು ಪತ್ರಿಕೆಗಳು ಬರೆದವು. ಹಾಸ್ಯ ಧಾರಾವಾಹಿ ಸಪ್ಪೆಯಾಯಿತೆಂದು ಪೇಟೆ ಕುಸಿಯುವ ದೇಶ ಇದು! ಏಳು ವರ್ಷ ಕಾದವರು ಎರಡು ದಿನಗಳಲ್ಲಿ ತೀರ್ಪು ಬರೆದು ಮುಗಿಸಿದ್ದರು.

ಅವರ ದೂರಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ನಟರೆಲ್ಲ ಅಷ್ಟರಲ್ಲಿ ದೊಡ್ಡವರಾಗಿದ್ದರು, ಬಿಡುವಿರಲಿಲ್ಲ. ಎಲ್ಲರನ್ನೂ ಒಂದೇ ಕಾಲಕ್ಕೆ ಒಂದೇ ಸೆಟ್ಟಿಗೆ ತರಲಾಗದೆ ಹರ್ವಿಟ್ಜ್ ಒಂದೊಂದು ಕಂತನ್ನು ಒಂದೊಂದು ಪಾತ್ರಕ್ಕೆ ಮೀಸಲಿಟ್ಟರು. ಒಟ್ಟಿಗಿರುವಂತೆ ಕಾಣುವ ಕೆಲವು ದೃಶ್ಯಗಳಲ್ಲಿ ನಟರನ್ನು ಬೇರೆ ಬೇರೆ ದಿನ ಹಸಿರು ಪರದೆಯ ಮುಂದೆ ಚಿತ್ರಿಸಿ ಆಮೇಲೆ ಜೋಡಿಸಿದ್ದಾರೆ. ಮೊದಲಿನ ಕಂತುಗಳು ಇಪ್ಪತ್ತೆರಡು ನಿಮಿಷಕ್ಕೆ ಮುಗಿದರೆ ಇವು ಅರ್ಧ ಗಂಟೆ ದಾಟಿಯೂ ಎಳೆಯುತ್ತವೆ. ಹಳೆಯ ಹಾಸ್ಯದ ಜೀವವಿದ್ದದ್ದು ಆ ಮಾದರಿ ಮನೆಯ ನಡುಮನೆಯಲ್ಲಿ: ಒಬ್ಬ ಹೇಳಿದ್ದನ್ನು ಇನ್ನೊಬ್ಬಳು ತಪ್ಪಾಗಿ ಕೇಳಿ, ಮೂರನೆಯವನು ಅದನ್ನೇ ನಂಬಿ ಓಡುವುದು. ಅಮ್ಮನ ಒಂದು ಹುಬ್ಬು ಮೇಲೇರಿದರೆ ಮಕ್ಕಳ ನಾಲ್ಕು ಮುಖಗಳಲ್ಲಿ ನಾಲ್ಕು ಬಣ್ಣ. ಆ ನಾಲ್ಕು ಮುಖಗಳೇ ಕೋಣೆಯಲ್ಲಿಲ್ಲದಿದ್ದರೆ ಹುಬ್ಬೇರಿಸಿ ಏನು ಫಲ?

ಇಷ್ಟನ್ನು ಒಪ್ಪುತ್ತೇನೆ. ಒಪ್ಪದೆ ಇರುವುದು ಅವರು ನೋಡಿದ ರೀತಿಯನ್ನು.

ನಮ್ಮಲ್ಲೂ ಹಾಸ್ಯ ಧಾರಾವಾಹಿಗಳು ಎದ್ದು ಬಂದಿವೆ. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಈಟಿವಿ ಕನ್ನಡದಲ್ಲಿ ಮನೆಮಾತಾಗಿದ್ದ ಕಾಲ ನೆನಪಿರುವವರಿಗೆ, 2018ರಲ್ಲಿ ಅದು ಕಲರ್ಸ್ ಸೂಪರ್ ವಾಹಿನಿಯಲ್ಲಿ ಮರಳಿದ್ದೂ ನೆನಪಿರಬಹುದು. ಪಾಂಡುವಾಗಿ ಚಿದಾನಂದ್, ಶ್ರೀಮತಿಯಾಗಿ ಶಾಲಿನಿ. ಆಗ ಮೈಸೂರಿನಲ್ಲಿರುವ ನನ್ನ ಅತ್ತಿಗೆಗೆ ಫೋನ್ ಮಾಡಿ ಹೇಗಿದೆ ಎಂದು ಕೇಳಿದೆ. "ಅದೇ ಪಾಂಡು, ಅದೇ ಶ್ರೀಮತಿ ಕಣಪ್ಪಾ. ಮೊದಲಿನಷ್ಟು ಇಲ್ಲ," ಎಂದರು. ಹಾಗಾದರೆ ಬಿಟ್ಟಿರಾ ಎಂದರೆ, "ಬಿಡುವುದು ಏಕೆ? ಚಪಾತಿ ಮಾಡುವ ಹೊತ್ತಿಗೆ ಬರುತ್ತದೆ, ನೋಡುತ್ತೇನೆ." ಅತ್ತಿಗೆಯ ವಿಮರ್ಶೆ ಅಷ್ಟೇ. ಮೊದಲಿನಷ್ಟು ಇಲ್ಲ ಎಂಬುದು ಅವರಿಗೆ ಧಾರಾವಾಹಿಯನ್ನು ಬಿಡಲು ಕಾರಣವಲ್ಲ. ಮೊದಲಿನಷ್ಟು ಯಾವುದಿದೆ?

ಇದನ್ನು ಉದಾಸೀನ ಎನ್ನುವುದು ಸುಲಭ, ನನಗೆ ಹಾಗೆ ಅನಿಸುವುದಿಲ್ಲ. ಇದರ ಹಿಂದೆ ನಮ್ಮ ರಂಗಭೂಮಿಯ ಅಭ್ಯಾಸವಿದೆ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕಕ್ಕೆ ಜನ ಹೋಗುತ್ತಿದ್ದದ್ದು ಕತೆ ಗೊತ್ತಿಲ್ಲದೆಯೇ? ಸಾವಿರಾರು ಪ್ರಯೋಗ ಕಂಡ ನಾಟಕ ಅದು. ಕತೆ ಗೊತ್ತು, ಪಾತ್ರ ಗೊತ್ತು. ಇವತ್ತು ಬೆಳಿಗ್ಗೆ ಪತ್ರಿಕೆಯಲ್ಲಿ ಬಂದ ಮಂತ್ರಿಗೆ ಸಂಜೆ ವೇದಿಕೆಯ ಮೇಲೆ ಏನು ಬೀಳುತ್ತದೆ ಎಂಬುದಷ್ಟೇ ಗೊತ್ತಿಲ್ಲ. ನಿನ್ನೆಯ ಆಟ ಕಳೆಗಟ್ಟಿತ್ತು, ಇವತ್ತಿನದು ಅಷ್ಟಕ್ಕಷ್ಟೆ, ನಾಳೆ ನೋಡೋಣ ಎಂಬ ಉದಾರತೆ ಯಕ್ಷಗಾನದ ಪ್ರೇಕ್ಷಕರಲ್ಲೂ ಇದೆ. ಅಲ್ಲಿ ಆಟ ಎಂದೂ ಮುಗಿಯುವುದಿಲ್ಲವಾದ್ದರಿಂದ ಅದಕ್ಕೆ ಮರುಜನ್ಮದ ಪ್ರಶ್ನೆಯೂ ಇಲ್ಲ. ಅಮೆರಿಕದ ಅಭಿಮಾನಿಗೆ ಆ 53 ಕಂತುಗಳು ಬರೆದು ಮುಗಿಸಿದ ಗ್ರಂಥ. ಅದಕ್ಕೆ ಇನ್ನೊಂದು ಅಧ್ಯಾಯ ಸೇರಿಸುತ್ತೇವೆಂದರೆ ಆತ ಸಂತೋಷಪಡುತ್ತಾನೆ, ಅದೇ ಉಸಿರಿನಲ್ಲಿ ಅಪಚಾರವಾದೀತೇ ಎಂದು ಕಾವಲೂ ನಿಲ್ಲುತ್ತಾನೆ. ಹಳೆಯದರ ಹಾಗೆಯೇ ಇರಬೇಕು, ಆದರೆ ಹೊಸದೂ ಇರಬೇಕು. ಹೊಸ ದಾರಿ ತುಳಿದರೆ ಇದು ನಮ್ಮದಲ್ಲ, ಹಳೆಯ ಹಾಸ್ಯ ಮರಳಿದರೆ ಸರಕು ಖಾಲಿ. ಆ ರಾತ್ರಿ ಎರಡು ಮಾತನ್ನೂ ಒಂದೇ ಬಾಯಲ್ಲಿ ಕೇಳಿದೆ.

ಅಭಿಮಾನಿಗಳ ಮಾತು ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಈ ಧಾರಾವಾಹಿಯಲ್ಲೇ ಸಾಕ್ಷಿಯಿದೆ. ಗೊಂದಲವಾಯಿತು, ಯಾವುದು ಮೊದಲು ಯಾವುದು ಆಮೇಲೆ ತಿಳಿಯುವುದಿಲ್ಲ ಎಂದು ಜನ ಗೊಣಗಿದ್ದರಲ್ಲ, 2018ರ ಮೇ ತಿಂಗಳಲ್ಲಿ ಹರ್ವಿಟ್ಜ್ ಅದೇ ಹದಿನೈದು ಕಂತುಗಳನ್ನು ಕತ್ತರಿಸಿ, ಕಾಲಾನುಕ್ರಮದಲ್ಲಿ ಜೋಡಿಸಿ, 22 ಚಿಕ್ಕ ಕಂತುಗಳಾಗಿ ಕೊಟ್ಟರು. ನಿರೂಪಕ ರಾನ್ ಹವರ್ಡ್ ಸಂದಿಗೊಂದಿಗಳಲ್ಲೆಲ್ಲ ವಿವರಣೆ ತುಂಬಿದರು. ಎಲ್ಲ ಸಲೀಸಾಯಿತು, ಹಾಸ್ಯ ಸೋರಿಹೋಯಿತು. ಒಂದು ಬಾಗಿಲ ಹೊರಗಿನಿಂದ ನೋಡಿದ ಘಟನೆಯನ್ನು ಆರು ಕಂತುಗಳ ಆಮೇಲೆ ಒಳಗಿನಿಂದ ನೋಡಿದಾಗ ಉಕ್ಕಬೇಕಾದ ನಗು, ಒಳಗೂ ಹೊರಗೂ ಒಟ್ಟಿಗೇ ತೋರಿಸಿದರೆ ಎಲ್ಲಿಂದ ಬರಬೇಕು? ಐದು ವರ್ಷ ದೂರಿದ್ದವರಲ್ಲಿ ಎಷ್ಟೋ ಮಂದಿ ಆಗ, ಮೊದಲಿನ ಜೋಡಣೆಯೇ ಚೆನ್ನಾಗಿತ್ತು ಎಂದರು. ನನಗೂ ಹಾಗೆಯೇ ಅನಿಸುತ್ತದೆ. ನಾಲ್ಕನೇ ಸೀಸನ್ನನ್ನು ಕಟ್ಟಿದ್ದೇ ಎರಡನೇ ಸಲ ನೋಡುವವರಿಗಾಗಿ. ಒಂದೇ ರಾತ್ರಿಯಲ್ಲಿ ನುಂಗಿದವರಿಗೆ ಎರಡನೇ ಸಲದ ಹಸಿವೇ ಉಳಿದಿರಲಿಲ್ಲ.

ಐದನೇ ಸೀಸನ್ನಿನ ಹೊತ್ತಿಗೆ ಮಾತು ಹಾಸ್ಯ ಬಿಟ್ಟು ಬೇರೆಡೆಗೆ ಹೋಯಿತು. ಅದೇ ಮೇ ತಿಂಗಳ ಕೊನೆಯಲ್ಲಿ ಹೊಸ ಕಂತುಗಳು ಬರುವ ಕೆಲವೇ ದಿನ ಮೊದಲು ನ್ಯೂಯಾರ್ಕ್ ಟೈಮ್ಸ್ ನಟರ ಸಂದರ್ಶನವೊಂದನ್ನು ಪ್ರಕಟಿಸಿತು. ಲೂಸಿಲ್ ಪಾತ್ರದ ಜೆಸ್ಸಿಕಾ ವಾಲ್ಟರ್, ತೆರೆಯ ಮೇಲೆ ತಮ್ಮ ಗಂಡನಾಗಿದ್ದ ಜೆಫ್ರಿ ಟ್ಯಾಂಬರ್ ಸೆಟ್ಟಿನಲ್ಲಿ ತಮ್ಮ ಮೇಲೆ ಹರಿಹಾಯ್ದದ್ದನ್ನು ನೆನೆದು ಅತ್ತರು. ಸುಮಾರು ಅರವತ್ತು ವರ್ಷಗಳ ವೃತ್ತಿಯಲ್ಲಿ ಯಾರೂ ತಮ್ಮನ್ನು ಹಾಗೆ ಗದರಿರಲಿಲ್ಲ ಎಂದರು. ಪಕ್ಕದಲ್ಲಿದ್ದ ಸಹನಟರಾದ ಗಂಡಸರು, ಮೈಕಲ್ ಪಾತ್ರದ ಜೇಸನ್ ಬೇಟ್‌ಮನ್ ಮುಂದಾಗಿ, ಚಿತ್ರರಂಗದಲ್ಲಿ ಇವೆಲ್ಲ ಇದ್ದದ್ದೇ ಎಂಬಂತೆ ಸಮಾಧಾನ ಹೇಳಲು ಹೋದರು. ಬೇಟ್‌ಮನ್ ಮರುದಿನ ಕ್ಷಮೆ ಕೇಳಿದರು, ಬ್ರಿಟನ್ನಿನ ಪ್ರಚಾರ ಪ್ರವಾಸ ರದ್ದಾಯಿತು. ಹದಿನೈದು ವರ್ಷ ಲೂಸಿಲ್ಲಳ ಚುಚ್ಚುಮಾತಿಗೆ ನಕ್ಕವರಿಗೆ ಆ ದನಿ ನಡುಗುವುದು ಕೇಳಿಸಿತ್ತು. ಹಲವರು ಹೊಸ ಸೀಸನ್ ನೋಡಲೇ ಇಲ್ಲ. ಇಲ್ಲಿ ಅಭಿಮಾನಿಗಳ ಪರ ಒಂದು ಮಾತು ಹೇಳಲೇಬೇಕು: ಪಾತ್ರವನ್ನು ಅಷ್ಟು ಹಚ್ಚಿಕೊಂಡವರು ಪಾತ್ರಧಾರಿಯ ಅವಮಾನವನ್ನೂ ತಮ್ಮದೆಂದುಕೊಂಡರು. ನಮ್ಮ ಸೆಟ್ಟುಗಳಲ್ಲಿ ಯಾರು ಯಾರನ್ನು ಗದರಿದರು ಎಂದು ಕೇಳುವ ರೂಢಿಯನ್ನೇ ನಾವು ಬೆಳೆಸಿಕೊಂಡಿಲ್ಲ. ಜೆಸ್ಸಿಕಾ ವಾಲ್ಟರ್ 2021ರ ಮಾರ್ಚಿನಲ್ಲಿ ತೀರಿಕೊಂಡಾಗ ಜನ ಹಂಚಿಕೊಂಡದ್ದೆಲ್ಲ ಹಳೆಯ ಮೂರು ಸೀಸನ್ನುಗಳ ಲೂಸಿಲ್ಲಳನ್ನು.

ಇನ್ನೊಂದು ವಿಷಯದಲ್ಲೂ ಅವರಿಂದ ಕಲಿಯುವುದಿದೆ. ಪಾಂಡುವಿನ ಯಾವ ಕಂತನ್ನು ಬರೆದವರು ಯಾರು ಎಂದು ಅತ್ತಿಗೆಯನ್ನು ಕೇಳಿದರೆ ನಕ್ಕುಬಿಡುತ್ತಾರೆ. ಇಲ್ಲಿನವರಿಗೆ ಯಾವ ಕಂತು ಯಾರ ಲೇಖನಿಯದು, ಯಾವ ಹಾಸ್ಯದ ಬೀಜ ಎಲ್ಲಿ ಬಿತ್ತಿದ್ದು ಎಂಬುದೆಲ್ಲ ಬಾಯಿಪಾಠ. ಡಿವಿಡಿಗಳಲ್ಲಿ ಬರಹಗಾರರೂ ನಟರೂ ಕೂತು ತಮ್ಮ ಕೆಲಸವನ್ನು ತಾವೇ ಬಿಡಿಸಿ ಹೇಳುತ್ತಾರೆ. ಕನ್ನಡದ ಹಾಸ್ಯ ಧಾರಾವಾಹಿಯೊಂದಕ್ಕೆ ಹಾಗೆ ಮಾಡಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ದಿನಕ್ಕೊಂದು ಕಂತು ಬರೆದುಕೊಟ್ಟವರ ಹೆಸರು ಚಪಾತಿ ಬೇಯುವ ಹೊತ್ತಿನಲ್ಲಿ ತೆರೆಯ ಮೇಲೆ ಓಡಿ ಮರೆಯಾಗುತ್ತದೆ.

ಐದನೇ ಸೀಸನ್ನಿನ ಉಳಿದ ಭಾಗ 2019ರ ಮಾರ್ಚಿನಲ್ಲಿ ಬಂತು. ನೀಲಿ ಬಣ್ಣ ಯಾರೂ ಬಳಿದುಕೊಳ್ಳಲಿಲ್ಲ, ನನ್ನನ್ನು ಯಾರೂ ಮನೆಗೆ ಕರೆಯಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೂ ಇಲ್ಲ. ನಾಲ್ಕನೆಯದನ್ನು ನೋಡಬೇಕೇ ಎಂದು ಇಲ್ಲಿನ ಕನ್ನಡದ ಗೆಳೆಯರು ಈಗಲೂ ಕೇಳುತ್ತಾರೆ. ನೋಡಿ ಎನ್ನುತ್ತೇನೆ. ಆದರೆ 2013ರ ಮೂಲ ಜೋಡಣೆಯನ್ನೇ ಹುಡುಕಿ ನೋಡಿ, ದಿನಕ್ಕೆ ಒಂದೇ ಕಂತು, ರಾತ್ರಿ ಊಟಕ್ಕೆ ಮುಂಚೆ, ಅಡುಗೆಮನೆಯಿಂದ ಯಾರಾದರೂ "ಈಗ ಏನಾಯಿತು?" ಎಂದು ಕೂಗಿ ಕೇಳುವಷ್ಟು ದೊಡ್ಡ ದನಿಯಲ್ಲಿ.