ಎಲ್ಲ ಮರವೂ ಕರಿಮೆಣಸೇ

ಕೊಡಗಿನಲ್ಲಿ ಮರದ ಮುಂದೆ ಸುಮ್ಮನೆ ನಿಂತವರನ್ನು ಯಾರೂ ನಂಬುವುದಿಲ್ಲ. ಹೊಳೆ ನೋಡಬಹುದು, ಮಂಜು ನೋಡಬಹುದು, ಮಡಿಕೇರಿಯ ರಾಜಾಸೀಟಿನಲ್ಲಿ ಕೂತು ಗಂಟೆಗಟ್ಟಲೆ ಏನೂ ನೋಡದೆಯೂ ಇರಬಹುದು. ಮರ ನೋಡಬೇಕಾದರೆ ಮಾತ್ರ ಕಾರಣ ಬೇಕು. ಒಂದೋ ನೀವು ಟಿಂಬರ್ ವ್ಯಾಪಾರಿ, ಇಲ್ಲವೇ ಫಾರೆಸ್ಟಿನವರು, ಅದೂ ಅಲ್ಲವೆಂದರೆ ಮೆಣಸು ಕದಿಯಲು ಹೊಂಚು ಹಾಕುತ್ತಿರುವವರು. ಮೊಬೈಲು ಹಿಡಿದು ಬುಡದಿಂದ ತುದಿಯವರೆಗೆ ಫೋಟೋ ಬೇರೆ ಹೊಡೆಯುತ್ತಿದ್ದರಂತೂ ಮೂರೂ ಒಟ್ಟಿಗೆ.

ಇದನ್ನು ಭಾವನಿಗೆ ಮೊದಲೇ ಹೇಳಿದ್ದೆ. ಅವರು ಕೇಳಬೇಕಲ್ಲ! ರಿಟೈರಾದ ಮೇಲೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಮರ ಕಲಿತವರು ಅವರು. ಗೈಡು ಬೇಡ, ಗುಂಪು ಬೇಡ, ಫೋಟೋ ಹೊಡೆದರೆ ಮರದ ಹೆಸರು ಹೇಳುವ ಮೊಬೈಲೇ ಗುರು. ಲಾಲ್‌ಬಾಗಿನ ಮಟ್ಟಿಗೆ ಅದು ಸರಿಯೇ. 240 ಎಕರೆ ಜಾಗ. ಮರಗಳು ಒಂದನ್ನೊಂದು ಮುಟ್ಟದೆ ನಿಂತಿರುತ್ತವೆ, ಎಷ್ಟೋ ಮರಗಳು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಎದೆಗೆ ಹೆಸರಿನ ಚೀಟಿಯನ್ನೂ ಹಾಕಿಕೊಂಡಿರುತ್ತವೆ. ಮೊಬೈಲು ಎಡವಿದರೆ ಬೋರ್ಡು ಓದಿಕೊಳ್ಳಬಹುದು. ಇಷ್ಟು ವಿದ್ಯೆ ಕಟ್ಟಿಕೊಂಡು ಭಾವ, ಅಕ್ಕನ ಸಮೇತ, ಅಮ್ಮತ್ತಿ ಹತ್ತಿರದ ನಮ್ಮ ತುಂಡು ತೋಟಕ್ಕೆ ಬಂದಿಳಿದರು. ಅದೂ ಮೆಣಸು ಕುಯ್ಲಿನ ಸಮಯಕ್ಕೆ ಸರಿಯಾಗಿ.

ಮೊದಲು ಸಿಕ್ಕಿದ್ದು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದು, ಕಾಫಿಗೆ ನೆರಳಾಗಿ ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಈ ಮರ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಭಾವ ಮೊಬೈಲು ಹಿಡಿದರು. ಪರದೆಯ ಮೇಲೆ ಚಕ್ರ ತಿರುಗಿತು. ‘ಪೈಪರ್ ನೈಗ್ರಮ್’ ಎಂದಿತು. ಅಂದರೆ ಕರಿಮೆಣಸು. ಪಕ್ಕದ ನಂದಿ ಮರಕ್ಕೆ ಹಿಡಿದರು, ಪೈಪರ್ ನೈಗ್ರಮ್. ಅದರಾಚೆಯ ಮತ್ತಿ, ಅದೂ ಪೈಪರ್ ನೈಗ್ರಮ್. ತೊಗಟೆಯೇ ಕಾಣದಂತೆ ಬಳ್ಳಿ ಇಪ್ಪತ್ತು ಮೂವತ್ತು ಅಡಿ ಹಬ್ಬಿರುವಾಗ ಮೊಬೈಲಾದರೂ ಏನು ಮಾಡೀತು? ಮರದ ಸ್ವಂತ ಎಲೆ ಇರುವುದು ಅದರಿಂದಾಚೆಗೆ, ನೆರಳು ತಗ್ಗಿಸಲು ಕೊಂಬೆ ಸವರುವ ಮರಗಸಿಯಲ್ಲಿ ಉಳಿದ ಒಂದು ಜುಟ್ಟಿನಲ್ಲಿ. ಝೂಮ್ ಮಾಡಿದರೆ ಆಕಾಶ ಬರುತ್ತದೆ.

ಕೆಳಗೆ ಬಿದ್ದ ಎಲೆ ನೋಡಿದರಾಯಿತು ಎಂದು ಭಾವ ಉಪಾಯ ಹೂಡಿದರು. ಮುಂದಿನ ಮರದ ಬುಡದಿಂದ ಒಂದು ಎಲೆ ಹೆಕ್ಕಿದರು. ಹರಿದು ಹರಿದು ಸೀಳಾದ ಎಲೆ, ಮಗುಚಿದರೆ ಬೆಳ್ಳಿ ಬಣ್ಣ. ಮೊಬೈಲು ಕ್ಷಣಮಾತ್ರದಲ್ಲಿ ಸಿಲ್ವರ್ ಓಕ್ ಎಂದಿತು. ಭಾವ ಮುಖ ಅರಳಿಸಿ, ಕೊನೆಗೂ ಒಂದು ಸಿಕ್ಕಿತು ಎಂದು ಮರದ ಬೆನ್ನು ತಟ್ಟಿದರು. ಅವರ ಭುಜದ ಪಕ್ಕದಲ್ಲೇ, ಅದೇ ಬೊಡ್ಡೆಯಲ್ಲಿ, ಎಳೆ ಹಲಸಿನಕಾಯಿಗಳು ನೇತಾಡುತ್ತಿದ್ದವು. ನಾನು ಏನೂ ಹೇಳಲಿಲ್ಲ. ಮನೆಗೆ ಬಂದ ಅಳಿಯ.

ಹೀಗೆ ಹೋಗುತ್ತ ಹೋಗುತ್ತ ಬೇಲಿ ದಾಟಿದ್ದು ಅವರಿಗೆ ಗೊತ್ತಾಗಲಿಲ್ಲ. ಪಕ್ಕದ ತೋಟದ ಅಂಕಲ್‌ಗೆ ಗೊತ್ತಾಯಿತು.

“ಏನು, ಬೀಟೆ ಲೆಕ್ಕವಾ?”

“ಇಲ್ಲ ಸಾರ್, ಸ್ವಂತ ಆಸಕ್ತಿ ಅಷ್ಟೇ.”

“ಓಹೋ, ಸ್ವಂತಕ್ಕೇ ಬೇಕಾ?”

ಅಂಕಲ್‌ನ ಸಿಟ್ಟಿಗೂ ಅರ್ಥವಿದೆ. ತೋಟದಲ್ಲಿ ಬೆಲೆಬಾಳುವ ಬೀಟೆ ಮರ ಇದ್ದ ಮಾತ್ರಕ್ಕೆ ಅದು ತೋಟದವರದ್ದಾಗುವುದಿಲ್ಲ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ ರಿಡೀಮ್ಡ್ ಜಾಗವೋ, ಕಟ್ಟದೆ ಮರ ಸರ್ಕಾರದ್ದಾಗಿಯೇ ಉಳಿದ ಅನ್‌ರಿಡೀಮ್ಡ್ ಜಾಗವೋ ಎಂಬ ಹಳೇ ಜಗಳ ಕೋರ್ಟು ಕಚೇರಿ ಅಲೆದು ಹಣ್ಣಾಗಿದೆ. ಸಿಲ್ವರ್ ಓಕಿಗೆ ಈ ರಗಳೆಯಿಲ್ಲ, ಬೇಕಾದಾಗ ಕಡಿಯಬಹುದು. ತೋಟಗಳಲ್ಲಿ ಕಾಡುಮರ ಕಡಿಮೆಯಾಗಿ ಅದು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಇಂಥ ಊರಿನಲ್ಲಿ ಅಪರಿಚಿತನೊಬ್ಬ ಬೀಟೆಯ ಬುಡದಲ್ಲಿ ಮೊಬೈಲು ಹಿಡಿದು ನಿಂತರೆ ಯಾರಿಗಾದರೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

“ಅಂಕಲ್, ಇವರು ನಮ್ಮ ಭಾವ” ಎಂದು ನಾನು ಓಡಿಹೋಗಿ ಬಿಡಿಸಿದೆ. ಕಾಫಿಯೂ ಬಂತು. ಕಾಫಿ ಇಳಿಯುವಷ್ಟರಲ್ಲಿ ಅಂಕಲ್‌ಗೇ ಹುಚ್ಚು ಹತ್ತಿ, ತಮ್ಮ ಅಂಗಳದಂಚಿನ ಹೊನ್ನೆಯನ್ನು ತೋರಿಸಿ, ಇದನ್ನು ಹಾಕಿ ನೋಡುವಾ ಎಂದರು. ಭಾವ ಅದರ ಫೋಟೋವನ್ನು ಐನ್ಯಾಚುರಲಿಸ್ಟಿಗೆ, ಅಂದರೆ ಗಿಡ ಪ್ರಾಣಿಗಳ ಫೋಟೋ ಹಾಕಿ ಹೆಸರು ಕೇಳುವ ಆ್ಯಪಿಗೆ, ಹಾಕಿದರು. 2008ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ್ದು ಅದು. ಅಲ್ಲಿ ಮೊಬೈಲಿನದೇ ಕೊನೆಯ ಮಾತಲ್ಲ. ಕನಿಷ್ಠ ಇಬ್ಬರಾದರೂ ಹೆಸರು ಹೇಳಿ, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ‘ರಿಸರ್ಚ್ ಗ್ರೇಡ್’. ಆದರೆ ತಾನಾಗಿ ಬೆಳೆದದ್ದಕ್ಕೆ ಮಾತ್ರ ಈ ಮರ್ಯಾದೆ. ನೆಟ್ಟು ಬೆಳೆಸಿದ್ದಾದರೆ ‘ಕ್ಯಾಶುವಲ್’.

“ಇದು ತಾನಾಗಿ ಹುಟ್ಟಿದ್ದೋ, ನೆಟ್ಟಿದ್ದೋ?” ಎಂದು ಭಾವ ಕೇಳಿದರು.

“ನನ್ನ ಅಜ್ಜ ನೆಟ್ಟದ್ದು” ಎಂದು ಅಂಕಲ್ ಎದೆ ಉಬ್ಬಿಸಿದರು.

ಭಾವ ಪ್ರಾಮಾಣಿಕರು. ನೆಟ್ಟದ್ದು ಎಂದೇ ಒತ್ತಿದರು. ಅಜ್ಜ ನೆಟ್ಟದ್ದು ಕ್ಯಾಶುವಲ್ಲಾ ಎಂದು ಅಂಕಲ್ ಕೇಳಿದ ದನಿ ನೆನೆದರೆ ಈಗಲೂ ನನಗೆ ಆ ಬೇಲಿ ಕಡೆ ಹೋಗಲು ಮುಜುಗರ.

ನಿಜವಾದ ಅನಾಹುತ ಆದದ್ದು ತೋಡಿನ ಪಕ್ಕ. ಅಲ್ಲೊಂದು ಮರಕ್ಕೆ ಮೆಣಸು ಹಬ್ಬಿಸಿಲ್ಲ. ಯಾಕೆ ಹಬ್ಬಿಸಿಲ್ಲ ಎಂದು ಭಾವ ಯೋಚಿಸಬೇಕಿತ್ತು, ಅವರು ಖುಷಿಪಟ್ಟರು. ಮೊಬೈಲು ಹೊಲಿಗಾರ್ನಾ ಎಂದಿತು, ಮಾವು ಗೋಡಂಬಿಗಳ ಕುಟುಂಬ ಎಂದೂ ಸೇರಿಸಿತು. ಎಲೆಯ ತೊಟ್ಟಿನಲ್ಲಿ ಮುಳ್ಳಿನ ಹಾಗೆ ಎರಡು ಪುಟ್ಟ ಮೊನೆಗಳಿದ್ದರೆ ಅದೇ ಗುರುತಂತೆ. ಒಂಟಿ ಬಿದಿರಿನ ಏಣಿಯ ತುದಿಯಲ್ಲಿ ಮೆಣಸು ಕೊಯ್ಯುತ್ತಿದ್ದ ವಯನಾಡಿನ ಆಳು ಮೇಲಿಂದಲೇ ಕೂಗಿದ: “ಸಾರೇ, ಅದು ಚೇರು! ಮುಟ್ಟಬೇಡಿ!”

“ಏನಾಗಲ್ಲಪ್ಪ, ಮಾವಿನ ನೆಂಟ” ಎಂದು ಭಾವ ಎಲೆ ಕಿತ್ತೇ ಬಿಟ್ಟರು. ಎಡಗೈಯಲ್ಲಿ ಎಲೆ, ಬಲಗೈಯಲ್ಲಿ ಮೊಬೈಲು. ಮೊನೆ ಎರಡೂ ಇದ್ದವು. ಕಿತ್ತ ಜಾಗದಿಂದ ಒಂದು ಹನಿ ಹಾಲು ಬೆರಳಿಗೆ ಇಳಿದು, ನೋಡನೋಡುತ್ತ ಕಪ್ಪಾಯಿತು. ಭಾವ ಅದನ್ನು ಕರವಸ್ತ್ರಕ್ಕೆ ಒರೆಸಿ, ಅದೇ ಕರವಸ್ತ್ರದಿಂದ ಮುಖದ ಬೆವರನ್ನೂ ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಕೈತುಂಬ ಗುಳ್ಳೆ, ಒಂದು ಕಣ್ಣು ಪೂರ್ತಿ ಮುಚ್ಚಿದೆ, ಕೆನ್ನೆ ಊದಿ ಬನ್ನು. ಇದಕ್ಕೇನು ಮದ್ದು ಎಂದು ನೋಡಲು ಮೊಬೈಲು ಎತ್ತಿ ಮುಖಕ್ಕೆ ಹಿಡಿದರೆ ಅದು ತೆರೆಯಲಿಲ್ಲ. ತಿರುಗಿಸಿ ಹಿಡಿದರು, ಕಿಟಕಿಯ ಬೆಳಕಿಗೆ ಹೋಗಿ ಹಿಡಿದರು. ಕಾಡಿನ ಮರದ ಕುಲಗೋತ್ರ ಹೇಳುವ ಯಂತ್ರ ಯಜಮಾನನನ್ನು ಗುರುತಿಸಲು ಒಪ್ಪಲಿಲ್ಲ. ಅಕ್ಕ ಬಂದು ನಂಬರ್ ಒತ್ತಿ ತೆರೆದಳು. ಆ ನಂಬರ್ ತನಗೆ ಗೊತ್ತು ಎಂದು ಅವಳು ಅಲ್ಲಿಯವರೆಗೆ ಹೇಳಿರಲಿಲ್ಲ.

ಡಾಕ್ಟರು ಬಾಗಿಲಲ್ಲೇ ನೋಡಿ “ಚೇರಾ?” ಎಂದರು, ಮುಲಾಮು ಮಾತ್ರೆ ಕೊಟ್ಟರು. ವಯನಾಡಿನವನು ಅದಕ್ಕೆ ಸಮಾಧಾನಪಡಲಿಲ್ಲ. ಚೇರು ಮಾಡಿದ್ದನ್ನು ತಾರೆ ಮರವೇ ಕಳೆಯಬೇಕು, ಹೋಗಿ ಪ್ರದಕ್ಷಿಣೆ ಹಾಕಿ ಎಂದ. ತಾರೆ ಎಂದರೆ ನೆಲ್ಲಿ, ಅಳಲೆ ಜೊತೆ ತ್ರಿಫಲಕ್ಕೆ ಬೀಳುವುದು. ಅದನ್ನು ಹುಡುಕುವುದೆಲ್ಲಿ? ತೋಟದಲ್ಲಿ ಎಲ್ಲವೂ ಪೈಪರ್ ನೈಗ್ರಮ್. ಕೊನೆಗೆ ದೇವರಕಾಡಿಗೆ ಕರೆದುಕೊಂಡು ಹೋದೆ. ಕೊಡಗಿನಲ್ಲಿ ಇಂಥವು 1200ಕ್ಕೂ ಹೆಚ್ಚಿವೆ. ಒಣ ಕಡ್ಡಿಯನ್ನೂ ಅಲ್ಲಿಂದ ತರಬಾರದು ಎಂಬುದು ಹಿರಿಯರ ಕಟ್ಟಳೆ. ಅಲ್ಲಿ ಮರಗಳಿಗೆ ಮೈಮೇಲೆ ಅವುಗಳದ್ದೇ ತೊಗಟೆ. ಭಾವ ಒಂದೇ ಕಣ್ಣಲ್ಲಿ ಗುರಿಯಿಟ್ಟರು. ‘ಟರ್ಮಿನೇಲಿಯಾ ಬೆಲ್ಲಿರಿಕಾ’ ಎಂದಿತು ಮೊಬೈಲು, ಮೊದಲ ಏಟಿಗೇ. ತಾರೆಯೇ. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳ ಎದುರು, ವಿಜ್ಞಾನ ಎಂದು ಸದಾ ಹೇಳುವ ಭಾವ ಪ್ರದಕ್ಷಿಣೆ ಹಾಕಿದರು. ಇಳಿದದ್ದು ಮಾತ್ರೆಗೋ ತಾರೆಗೋ, ನಾನು ಹೇಳಲಾರೆ.

ಕಣ್ಣು ಅರ್ಧ ತೆರೆದ ದಿನ ಅವರು ಅಪ್‌ಲೋಡ್ ಮಾಡಿದ್ದ ಚೇರಿನ ಫೋಟೋಕ್ಕೆ ಉತ್ತರ ಬಂದಿತ್ತು. ಎಲೆ ಮಸುಕಾಗಿ, ಹಿಡಿದ ಕೈ ಮಾತ್ರ ಸ್ಪಷ್ಟವಾಗಿ ಬಿದ್ದ ಫೋಟೋ ಅದು. ಯಾರೋ ಒಬ್ಬರು ಶ್ರದ್ಧೆಯಿಂದ ಗುರುತಿಸಿ ಬರೆದಿದ್ದರು: ಹೋಮೋ ಸೇಪಿಯನ್ಸ್. ಮನುಷ್ಯ. ಕೆಳಗೆ ಗ್ರೇಡು, ಕ್ಯಾಶುವಲ್.

ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

“ಇದಕ್ಕೂ ಇನ್ನೊಬ್ಬರು ಒಪ್ಪಬೇಕಾ?”

“ಒಪ್ಪಿದರೆ ಒಳ್ಳೇದು” ಎಂದರು ಭಾವ.

“ನನ್ನ ಕೇಳಬೇಡಿ” ಎಂದು ಅಕ್ಕ ಮೊಬೈಲು ವಾಪಸು ಕೊಟ್ಟಳು.