ನೋಡುವ ಮೊದಲೇ ನಾಲ್ಕೂವರೆ ನಕ್ಷತ್ರ

ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಬೇಕಾದರೆ ಮೊದಲು ಸಿನಿಮಾ ನೋಡಿರಬೇಕು ಎಂಬ ಕಟ್ಟುಪಾಡು ಬಹುಕಾಲ ಚಿತ್ರರಸಿಕರನ್ನು ಕಾಡಿತ್ತು. ಎರಡೂವರೆ ಗಂಟೆ ಕತ್ತಲಲ್ಲಿ ಕುಳಿತು, ಬಾಯಿ ಮುಚ್ಚಿಕೊಂಡು, ಇನ್ನೊಬ್ಬರು ಹೇಳುವ ಕಥೆಯನ್ನು ಕೇಳಿಸಿಕೊಳ್ಳುವ ಆ ಶಿಕ್ಷೆ ಮುಗಿದ ಮೇಲಷ್ಟೇ ಮಾತಾಡುವ ಹಕ್ಕು ಸಿಗುತ್ತಿತ್ತು. ಇಂದಿನ ಅಭಿಮಾನಿ ಆ ಅಡಚಣೆಯನ್ನು ನಿವಾರಿಸಿಕೊಂಡಿದ್ದಾನೆ. ಪೋಸ್ಟರ್ ಬಂದ ದಿನ ಛಾಯಾಗ್ರಹಣದ ಬಗ್ಗೆ, ಟೀಸರ್ ಬಂದ ದಿನ ಹಿನ್ನೆಲೆ ಸಂಗೀತದ ಬಗ್ಗೆ, ಟ್ರೇಲರ್ ಬಂದ ದಿನ ಚಿತ್ರಕಥೆಯ ಬಗ್ಗೆ ಅವನ ತೀರ್ಪು ಹೊರಬಿದ್ದಿರುತ್ತದೆ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅವನಲ್ಲಿ ಉಳಿದಿರುವುದು "ನಾನು ಅವತ್ತೇ ಹೇಳಿರಲಿಲ್ಲವೇ" ಎಂಬ ಒಂದೇ ವಾಕ್ಯ.

ಇದು ಉತ್ಪ್ರೇಕ್ಷೆ ಎನ್ನುವವರು 2019ರ ಫೆಬ್ರುವರಿಯನ್ನು ನೆನಪಿಸಿಕೊಳ್ಳಬೇಕು. ವಿಮರ್ಶೆಗಳನ್ನು ಒಟ್ಟುಗೂಡಿಸಿ ಶೇಕಡಾವಾರು ಅಂಕ ಕೊಡುವ ರಾಟನ್ ಟೊಮ್ಯಾಟೋಸ್ ಜಾಲತಾಣವು, ಇನ್ನೂ ಬಿಡುಗಡೆಯಾಗದ ಚಿತ್ರಗಳ ಬಗ್ಗೆ ಪ್ರೇಕ್ಷಕರು ಪ್ರತಿಕ್ರಿಯೆ ಬರೆಯುವ ಸೌಲಭ್ಯವನ್ನೇ ಆಗ ತೆಗೆದುಹಾಕಿತು. ಚಿತ್ರ ನೋಡಲು ಎಷ್ಟು ಮಂದಿ ಕಾತರರಾಗಿದ್ದಾರೆ ಎಂದು ಬಿಡುಗಡೆಗೆ ಮೊದಲೇ ತೋರಿಸುತ್ತಿದ್ದ ಶೇಕಡಾವಾರು ಲೆಕ್ಕವನ್ನೂ ಕೈಬಿಟ್ಟಿತು. ನೋಡದ ಚಿತ್ರದ ಬಗ್ಗೆ ಅಭಿಪ್ರಾಯ ಹೇಳಬೇಡಿ ಎಂದು ಮನುಷ್ಯರಿಗೆ ಒಂದು ಜಾಲತಾಣ ನಿಯಮ ಮಾಡಿ ತಿಳಿಸಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಟಿಕೆಟ್ ಕೊಂಡದ್ದು ಖಾತ್ರಿಯಾದವರ ಅಂಕವನ್ನು ಪ್ರತ್ಯೇಕವಾಗಿ ತೋರಿಸುವ ಏರ್ಪಾಡೂ ಬಂತು. ಆರಂಭದಲ್ಲಿ ಈ ಖಾತ್ರಿ ಕೊಟ್ಟದ್ದು ಆ ಜಾಲತಾಣದ ಒಡೆತನ ಹೊಂದಿರುವ ಟಿಕೆಟ್ ಮಾರಾಟ ಸಂಸ್ಥೆಯೇ ಎಂಬುದನ್ನು ಇಲ್ಲಿ ಸುಮ್ಮನೆ ಹೇಳಿ ಮುಂದೆ ಹೋಗುತ್ತೇನೆ. ಟಿಕೆಟ್ ಕೊಂಡಿದ್ದನ್ನು ಸಾಬೀತುಪಡಿಸಬಹುದು. ಕೊಂಡವನ ಕಣ್ಣು ಪರದೆಯ ಮೇಲಿತ್ತು ಎಂಬುದನ್ನು ಸಾಬೀತುಪಡಿಸುವುದು ಹೇಗೆ?

ಟಿಕೆಟ್ ಕೊಂಡು ಒಳಗೆ ಬಂದವನನ್ನು ಪಕ್ಕದ ಸೀಟಿನಿಂದ ಗಮನಿಸಿ. ನಾಯಕನ ಹೆಸರು ತೆರೆಯ ಮೇಲೆ ಬರುವಾಗ ಅವನು ಅದನ್ನು ಅಂಗೈಯಗಲದ ಫೋನಿನೊಳಗೆ ನೋಡುತ್ತಿರುತ್ತಾನೆ, ಏಕೆಂದರೆ ಚಿತ್ರೀಕರಿಸಿಕೊಳ್ಳುತ್ತಿರುತ್ತಾನೆ. "ಟೈಟಲ್ ಕಾರ್ಡ್‌ಗೇ ಗೂಸ್‌ಬಂಪ್ಸ್" ಎಂದು ಬರೆದು ಕಳಿಸುವಾಗ ಅವನ ತೋಳಿನ ಮೇಲಿನ ಒಂದು ಕೂದಲೂ ಎದ್ದಿರುವುದಿಲ್ಲ. ಆಮೇಲೆ ಯಾರು ಯಾರು ಮೆಚ್ಚಿದರೆಂದು ನೋಡಬೇಕು, ಮೆಚ್ಚದವನಿಗೆ ಉತ್ತರ ಕೊಡಬೇಕು. ಇಷ್ಟರಲ್ಲಿ ತೆರೆಯ ಮೇಲೆ ನಾಯಕಿಯ ತಾಯಿ ಕಾಯಿಲೆ ಬಿದ್ದು, ಮಗಳ ಕೈ ಹಿಡಿದು ಏನೋ ಹೇಳಿ ತೀರಿಕೊಂಡಿರುತ್ತಾರೆ. ಅವನು ತಲೆ ಎತ್ತಿದಾಗ ಗೋಡೆಯ ಮೇಲೆ ಆಕೆಯ ಫೋಟೊ, ಫೋಟೊಕ್ಕೆ ಹಾರ. "ಇವರು ಯಾವಾಗ ಸತ್ತರು?" ಎಂದು ನಿಮ್ಮನ್ನು ಕೇಳುತ್ತಾನೆ. ನೀವು ಹೇಳುತ್ತೀರಿ. ಅವನು ಗಂಭೀರನಾಗಿ ತಲೆಯಾಡಿಸಿ, ಫೋನಿಗೆ ಮರಳಿ ಟೈಪ್ ಮಾಡುತ್ತಾನೆ: "ಚಿತ್ರಕಥೆಯಲ್ಲಿ ಸ್ಪಷ್ಟತೆ ಇಲ್ಲ. ತಾಯಿಯ ಪಾತ್ರ ಕನೆಕ್ಟ್ ಆಗಲಿಲ್ಲ."

ವಿರಾಮದ ವೇಳೆಗೆ ಮೊದಲರ್ಧದ ತೀರ್ಪು ಪ್ರಕಟವಾಗುತ್ತದೆ. ದ್ವಿತೀಯಾರ್ಧದಲ್ಲಿ ಲ್ಯಾಗ್ ಇದೆ, ಅಂದರೆ ಕಥೆ ಎಳೆದಾಡುತ್ತದೆ ಎಂಬುದೂ ಬಹುಮಟ್ಟಿಗೆ ಆಗಲೇ ನಿಶ್ಚಯವಾಗಿರುತ್ತದೆ, ಯಾಕೆಂದರೆ ದ್ವಿತೀಯಾರ್ಧದಲ್ಲಿ ಲ್ಯಾಗ್ ಇಲ್ಲದ ಚಿತ್ರವನ್ನು ಅಭಿಮಾನಿ ಇದುವರೆಗೆ ಒಪ್ಪಿಕೊಂಡಿಲ್ಲ.

ತೀರ್ಪಿನ ನಂತರ ಬರುವುದು ಅಂಕ. ಇಲ್ಲಿ ನಮ್ಮ ಅಭಿಮಾನಿಗೆ ವಿಜ್ಞಾನಿಯ ಗಾಂಭೀರ್ಯ ಬಂದುಬಿಡುತ್ತದೆ. ಮೂರೂವರೆ ನಕ್ಷತ್ರಕ್ಕೂ ನಾಲ್ಕು ನಕ್ಷತ್ರಕ್ಕೂ ನಡುವೆ ಇರುವ ಅಂತರವನ್ನು ಕಾಪಾಡಲು ಆತ ಅಪರಿಚಿತರೊಡನೆ ಮಧ್ಯರಾತ್ರಿಯವರೆಗೆ ಹೋರಾಡುತ್ತಾನೆ. ಶೇಕಡಾವಾರು ಅಂಕದ ವಿಷಯದಲ್ಲಂತೂ ಅವನ ಭಕ್ತಿ ಇನ್ನೂ ಆಳವಾದದ್ದು. ರಾಟನ್ ಟೊಮ್ಯಾಟೋಸ್‌ನ ಪ್ರಸಿದ್ಧ ಅಂಕಿ, ಚಿತ್ರ ಎಷ್ಟು ಚೆನ್ನಾಗಿದೆ ಎಂಬುದನ್ನು ಅಳೆಯುವುದೇ ಇಲ್ಲ. ಎಷ್ಟು ಪಾಲು ವಿಮರ್ಶಕರು ಒಟ್ಟಾರೆ ಮೆಚ್ಚಿದ್ದಾರೆ ಎಂಬುದನ್ನಷ್ಟೇ ಎಣಿಸುತ್ತದೆ. ಶೇಕಡಾ 60 ಮುಟ್ಟಿದರೆ ಚಿತ್ರ ತಾಜಾ, ಅದಕ್ಕಿಂತ ಕೆಳಗಿಳಿದರೆ ಕೊಳೆತದ್ದು. ಹೀಗಾಗಿ ಎಲ್ಲ ವಿಮರ್ಶಕರೂ ಆಕಳಿಸುತ್ತ "ಪರವಾಗಿಲ್ಲ, ನೋಡಬಹುದು" ಎಂದ ಚಿತ್ರಕ್ಕೆ 100 ಸಿಗುತ್ತದೆ, ಹತ್ತರಲ್ಲಿ ಒಂಬತ್ತು ಮಂದಿ ಜೀವನದಲ್ಲೇ ಇಂಥದ್ದನ್ನು ಕಂಡಿಲ್ಲವೆಂದು ಕಣ್ಣೀರಿಟ್ಟು ಒಬ್ಬರು ನಿದ್ದೆ ಹೋದ ಚಿತ್ರಕ್ಕೆ 90. ಪರೀಕ್ಷೆಯ ಅಂಕಪಟ್ಟಿ ಓದಿ ಬೆಳೆದ ನಾವು ಮೊದಲನೆಯದನ್ನು ರ‍್ಯಾಂಕ್ ವಿದ್ಯಾರ್ಥಿಯೆಂದು ಮೆರವಣಿಗೆ ಮಾಡುತ್ತೇವೆ.

ಈ ಭಕ್ತಿಯ ಪರಾಕಾಷ್ಠೆಯನ್ನು ಜಗತ್ತು 2021ರಲ್ಲಿ ಕಂಡಿತು. ಆರ್ಸನ್ ವೆಲ್ಸ್ ನಿರ್ದೇಶನದ 'ಸಿಟಿಜನ್ ಕೇನ್' 1941ರಲ್ಲಿ ತೆರೆಕಂಡಾಗ, ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯಲ್ಲಿ ಗುಪ್ತನಾಮದಲ್ಲಿ ಬಂದಿದ್ದ ಒಂದು ವಿಮರ್ಶೆ ಚಿತ್ರವನ್ನು ಅಷ್ಟಾಗಿ ಮೆಚ್ಚಿರಲಿಲ್ಲ. ಎಂಬತ್ತು ವರ್ಷಗಳ ಬಳಿಕ ಆ ಹಳೆಯ ಬರಹ ಜಾಲತಾಣದ ಲೆಕ್ಕಕ್ಕೆ ಸೇರಿತು. ಚಿತ್ರದ 100 ಅಂಕ 99ಕ್ಕೆ ಇಳಿಯಿತು. ಸುದ್ದಿಸಂಸ್ಥೆಗಳು ಇದನ್ನು ವರದಿ ಮಾಡಿದವು. ಆ ಹೊತ್ತಿಗೆ 100ರಲ್ಲೇ ಕುಳಿತಿದ್ದ 'ಪ್ಯಾಡಿಂಗ್ಟನ್ 2', ಅಂದರೆ ನೀಲಿ ಕೋಟು ತೊಟ್ಟ ಒಂದು ಸಭ್ಯ ಕರಡಿಯ ಚಿತ್ರ, ಸಿನಿಮಾ ಇತಿಹಾಸದ ಆ ಮೇರುಕೃತಿಯನ್ನು ಮೀರಿಸಿತೆಂದು ಸಂಭ್ರಮಾಚರಣೆ ನಡೆಯಿತು. ಕೆಲವೇ ವಾರಗಳಲ್ಲಿ ಕರಡಿಯ ಮೇಲೂ ಒಂದು ನಕಾರಾತ್ಮಕ ವಿಮರ್ಶೆ ಬಂದು ಅದೂ 99ಕ್ಕೆ ಜಾರಿತು. ಎರಡೂ ಚಿತ್ರಗಳಲ್ಲಿ ಈ ಅವಧಿಯಲ್ಲಿ ಒಂದು ದೃಶ್ಯವೂ ಬದಲಾಗಿರಲಿಲ್ಲ. ವೆಲ್ಸ್ 1985ರಲ್ಲೇ ತೀರಿಕೊಂಡಿದ್ದರಿಂದ ಕಳೆದುಹೋದ ಒಂದು ಅಂಕದ ಬಗ್ಗೆ ಸ್ಪಷ್ಟೀಕರಣ ಕೊಡುವ ಕಷ್ಟದಿಂದ ಪಾರಾದರು.

ಮನೆಯಲ್ಲೇ ಕುಳಿತು ನೋಡುವ ಅಭಿಮಾನಿಗೆ ಇನ್ನೊಂದು ವರ ಸಿಕ್ಕಿದೆ. ಚಿತ್ರದ ವೇಗವನ್ನು ನೋಡುಗನೇ ಹೆಚ್ಚಿಸಿಕೊಳ್ಳುವ ಸೌಲಭ್ಯವನ್ನು ನೆಟ್‌ಫ್ಲಿಕ್ಸ್ 2019ರಲ್ಲಿ ಪರೀಕ್ಷಿಸಿದಾಗ ಹಾಲಿವುಡ್‌ನ ಕೆಲವು ನಿರ್ದೇಶಕರು ಸಿಟ್ಟಿಗೆದ್ದರು. 2020ರಲ್ಲಿ ಅದು ಮೊಬೈಲಿಗೆ ಬಂದೇಬಿಟ್ಟಿತು. ಒಂದೂವರೆ ಪಟ್ಟು ವೇಗದಲ್ಲಿ ಮೂರು ಗಂಟೆಯ ಚಿತ್ರ ಎರಡೇ ಗಂಟೆಯಲ್ಲಿ ಮುಗಿಯುತ್ತದೆ. ವಿಧವೆ ಓಡೋಡಿ ಅಳುತ್ತಾಳೆ, ಸೂರ್ಯ ಧಡಕ್ಕನೆ ಮುಳುಗುತ್ತಾನೆ, ಪ್ರೇಮಿಗಳ ನಡುವಿನ ಮೌನ ಕೆಮ್ಮಿನಷ್ಟು ಚಿಕ್ಕದಾಗುತ್ತದೆ. ಹೀಗೆ ನೋಡಿ ಮುಗಿಸಿದವನು ಬರೆಯುತ್ತಾನೆ: "ನಿರ್ದೇಶಕರು ಅವಸರಪಟ್ಟಿದ್ದಾರೆ. ಪಾತ್ರಗಳಿಗೆ ಉಸಿರಾಡಲು ಜಾಗ ಕೊಟ್ಟಿಲ್ಲ."

ಗಳಿಕೆಯ ವಿಷಯಕ್ಕೆ ಬಂದರೆ ಅಭಿಮಾನಿ ಲೆಕ್ಕಪರಿಶೋಧಕನಾಗುತ್ತಾನೆ. ಚಿತ್ರ ಹೇಗಿತ್ತು ಎಂದು ಕೇಳಿದವರಿಗೆ ಮೊದಲ ದಿನದ ಗ್ರಾಸ್, ಅಂದರೆ ಟಿಕೆಟ್ ಮಾರಾಟದ ಒಟ್ಟು ಮೊತ್ತ ಹೇಳುತ್ತಾನೆ. ಗ್ರಾಸ್ ಬೇರೆ, ತೆರಿಗೆ ಕಳೆದ ನೆಟ್ ಬೇರೆ, ವಿತರಕರಿಗೆ ಉಳಿಯುವ ಶೇರ್ ಬೇರೆ ಎಂದು ತಿದ್ದುತ್ತಾನೆ. ಎದುರಾಳಿ ನಟನ ಅಂಕಿಗಳು ಕಾರ್ಪೊರೇಟ್ ಬುಕಿಂಗ್, ಅಂದರೆ ಸಗಟಾಗಿ ಟಿಕೆಟ್ ಕೊಳ್ಳಿಸಿ ಉಬ್ಬಿಸಿದವು ಎಂದು ಆಕ್ಷೇಪಿಸುತ್ತಾನೆ. ಈ ಮೂರು ಮೊತ್ತಗಳಲ್ಲಿ ಯಾವುದರಿಂದಲೂ ತನಗೆ ಬಿಡಿಗಾಸು ಬರುವುದಿಲ್ಲ, ಬದಲಿಗೆ ಮೂರಕ್ಕೂ ತನ್ನ ಜೇಬಿನಿಂದಲೇ ಹೋಗಿದೆ ಎಂಬ ಸಣ್ಣ ವಿವರ ಅವನ ಲೆಕ್ಕದಲ್ಲಿ ಬರುವುದಿಲ್ಲ. ನಿರ್ಮಾಪಕರಿಗೆ ಲಾಭವಾದರೆ ಅಭಿನಯ ಸಹಜವಾಗಿತ್ತು, ನಷ್ಟವಾದರೆ ಸಂಕಲನ ಹಿಡಿತ ತಪ್ಪಿತ್ತು. ಅದೇ ಚಿತ್ರ ಹತ್ತು ವರ್ಷದ ನಂತರ ಮರುಬಿಡುಗಡೆಯಾಗಿ ಚಿತ್ರಮಂದಿರ ತುಂಬಿತೆಂದರೆ, "ಕಾಲಕ್ಕಿಂತ ಮುಂದಿದ್ದ ಕಲ್ಟ್ ಚಿತ್ರ, ಅಂದು ಯಾರಿಗೂ ಅರ್ಥವಾಗಲಿಲ್ಲ" ಎಂದು ಮೊದಲು ಕೊರಗುವವನೂ ಇವನೇ. ಅಂದು ಅದನ್ನು ಡಿಸಾಸ್ಟರ್ ಎಂದು ಮೊದಲ ಪ್ರದರ್ಶನದ ವಿರಾಮದಲ್ಲೇ ಘೋಷಿಸಿದವರು ಯಾರೆಂದು ಹುಡುಕುವುದು ಸೌಜನ್ಯವಲ್ಲ.

ಇಂಥ ಸಭೆಯೊಳಕ್ಕೆ ಒಮ್ಮೊಮ್ಮೆ ವಿಚಿತ್ರ ಮನುಷ್ಯನೊಬ್ಬ ಬಂದುಬಿಡುತ್ತಾನೆ. ಚಿತ್ರವನ್ನು ಪೂರ್ತಿ ನೋಡಿರುತ್ತಾನೆ, ಮೂಲ ವೇಗದಲ್ಲೇ ನೋಡಿರುತ್ತಾನೆ, ಕೊನೆಯಲ್ಲಿ ಹೆಸರುಗಳು ಸರಿದುಹೋಗುವವರೆಗೂ ಕುಳಿತಿರುತ್ತಾನೆ. ಹೇಗಿತ್ತು ಎಂದು ಕೇಳಿದರೆ, "ಕೆಲವು ದೃಶ್ಯಗಳು ಇನ್ನೂ ತಲೆಯಲ್ಲಿವೆ, ಯೋಚಿಸುತ್ತಿದ್ದೇನೆ" ಎನ್ನುತ್ತಾನೆ. ನಕ್ಷತ್ರ ಎಷ್ಟು ಎಂದರೆ ಗೊತ್ತಿಲ್ಲವಂತೆ. ಹಿಟ್ಟೋ ಫ್ಲಾಪೋ ಎಂದರೆ ವಿಚಾರಿಸಿಲ್ಲವಂತೆ. ಸ್ವಲ್ಪ ಹೊತ್ತು ಎಲ್ಲರೂ ಅವನ ಮುಖ ನೋಡುತ್ತಾರೆ. ಬಳಿಕ ಯಾರೋ ಒಬ್ಬರು ಅವನ ಹಳೆಯ ಪೋಸ್ಟುಗಳನ್ನೆಲ್ಲ ಕೆದಕಲು ಕೂರುತ್ತಾರೆ, ಇವನಿಗೆ ದುಡ್ಡು ಕೊಟ್ಟಿರುವುದು ಯಾವ ನಟನ ಕಡೆಯವರು ಎಂದು ಪತ್ತೆಹಚ್ಚಲು.